ಪೂಜಿತಾಳ ಬಲಗಣ್ಣು

ಕೋಟೇಶ್ವರ
12-2-2025

ಮಗಳು ಪೂಜಿತಾಳಿಗೆ ಅಮ್ಮನ ನೆನಪುಗಳು.

ನೀನು ಫೋನ್ ಎತ್ತುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಎಡಗಣ್ಣಿಗೆ ತ್ರಾಸವಾಗಬಾರದೆಂದು ಅಕ್ಷರ ದೊಡ್ಡದು ಮಾಡಿದ್ದೇನೆ. ಓದಲಾಗದಿದ್ದರೂ ಶಿರೂರಿನಲ್ಲಿ ಬೇರೆ ಯಾರ ಕೈಗೂ ಕೊಡಬೇಡ. ನಿನ್ನನ್ನು ಮನೆಯಲ್ಲಿಟ್ಟುಕೊಂಡಿರುವ ಚಿಕ್ಕಿ ಸ್ವರ್ಣಲತಾಳ ಕೈಗಂತೂ ಬೇಡವೇ ಬೇಡ.

ತಂಗಿ ಶ್ರಾವ್ಯಳ ಮದುವೆ ಇಪ್ಪತ್ತಮೂರಕ್ಕೆ, ಬ್ರಹ್ಮಾವರದ ಹಾಲ್‌ನಲ್ಲಿ. ಹುಡುಗ ಸುಶಾಂತ್. ಹೌದು, ನಿನ್ನನ್ನು ನೋಡಿ ಒಪ್ಪಿದ್ದ ಅದೇ ಮನೆ. ನಿನ್ನ ಕಣ್ಣಿನ ಸುದ್ದಿ ತಿಳಿದ ಮೇಲೆ ಅವನ ತಾಯಿ ಬಂದು, ತಂಗಿ ಒಬ್ಬಳಿದ್ದಾಳಲ್ಲ ಎಂದರು. ನಾನು ಚಾ ಸೋಸುತ್ತಿದ್ದೆ. ಬೇಡ ಎನ್ನಲು ಆ ಹೊತ್ತಿಗೆ ಒಂದು ಕಾರಣವೂ ಹೊಳೆಯಲಿಲ್ಲ.

ಎಲ್ಲರೂ ನನ್ನನ್ನೇ ದೂರುತ್ತಾರೆ. ನೀನೇ ಯೋಚಿಸು. ಮಲ್ಲಿಗೆ ಮೊಗ್ಗು ಕೊಯ್ಯುವಾಗ ಬಗ್ಗಿ ಕಣ್ಣಿಗೆ ಕಡ್ಡಿ ತಾಗಿಸಿಕೊಂಡವಳು ನೀನು. ಹೂವು ಕಟ್ಟಿ ಬಸ್ಸಿಗೆ ಕೊಡಬೇಕೆಂದು ನಾನು ಅವಸರ ಮಾಡಿದ್ದು ನಿಜ. ಮೂರನೇ ದಿನ ಕಣ್ಣು ಕೆಂಪಾಗಿ ನೀರು ಸುರಿಯಿತು. ಪಕ್ಕದ ಮನೆಯ ಬಾಣಂತಿ ಧನ್ಯಶ್ರೀಯಿಂದ ಎದೆಹಾಲು ಕೇಳಿ ತಂದು ಕಣ್ಣಿಗೆ ಬಿಟ್ಟೆ. ನನ್ನ ಅಮ್ಮನೂ ನನಗೆ ಹಾಗೆಯೇ ಬಿಟ್ಟದ್ದು. ಕಡಿಮೆಯಾಗದಾಗ ಗುರುವಾರ ಕುಂದಾಪುರದ ಕಣ್ಣಿನ ಡಾಕ್ಟರಲ್ಲಿಗೂ ಕರೆದುಕೊಂಡು ಹೋದೆ. ಅವರು ಕರಿಗುಡ್ಡೆಯ ಮೇಲಿಂದ ಚೂರು ಕೆರೆದು ಪರೀಕ್ಷೆಗೆ ಇಟ್ಟುಕೊಂಡರು. ಒಂದು ಬಾಟಲಿ ಕೊಟ್ಟು, ಇದರ ಹೊರತು ಏನೂ ಹಾಕಬೇಡಿ ಎಂದರು.

ಭಾನುವಾರ ಸುಶಾಂತನ ಮನೆಯವರು ನಿನ್ನನ್ನು ನೋಡಲು ಬರುವುದಿತ್ತು. ಕಣ್ಣುಬೇನೆ ಎಂದು ಮುಂದೆ ಹಾಕಿದ್ದರೆ ಅವನ ತಾಯಿ, ಹ್ವಾಯ್, ಬೇನೆಯಾ ಹುಟ್ಟಿನ ಐಬಾ ಎಂದು ಊರಿಡೀ ಕೇಳುವ ಹೆಂಗಸು. ನನ್ನ ಪೊರೆ ಆಪರೇಷನ್ನಿನಲ್ಲಿ ಉಳಿದ ಹನಿಮದ್ದು ಕಪಾಟಿನಲ್ಲಿತ್ತು. ನನ್ನ ಕಣ್ಣಿನ ಕೆಂಪನ್ನು ಎರಡೇ ದಿನದಲ್ಲಿ ಇಳಿಸಿದ್ದು ಅದು. ಶನಿವಾರ ಐದು ಸಲ ಬಿಟ್ಟೆ. ಉರಿ ಕಮ್ಮಿ ಆಯ್ತ್ ಅಮ್ಮ ಎಂದು ನಕ್ಕವಳು ನೀನೇ. ಭಾನುವಾರ ನಿನ್ನ ಕಣ್ಣು ಎಷ್ಟು ಚೆಂದವಿತ್ತು. ಫೋಟೋ ಇದೆ, ಶ್ರಾವ್ಯ ಅಳಿಸಲು ಬಿಡುತ್ತಿಲ್ಲ.

ಗಾಯದಲ್ಲಿ ಬೂಷ್ಟು ಬೆಳೆದಿತ್ತು, ನನ್ನ ಹನಿಮದ್ದು ಅದಕ್ಕೆ ಗೊಬ್ಬರವಾಯಿತು ಎಂದು ದೊಡ್ಡಾಸ್ಪತ್ರೆಯವರು ಆಮೇಲೆ ಹೇಳಿದರು. ಕಣ್ಣನ್ನೇ ತೆಗೆಯಬೇಕಾಯಿತು. ಉಪ್ಪಿನಕಾಯಿಗೆ ಬರುವ ಬೂಷ್ಟು ಕಣ್ಣಿಗೂ ಬರುತ್ತದೆಂದು ಹೂವು ಕಟ್ಟುವವಳಿಗೆ ಹೇಗೆ ಗೊತ್ತಾಗಬೇಕು?

ಈಗ ಚಿಕ್ಕಿ, ಪರೀಕ್ಷೆಯ ಫಲವನ್ನು ಹೊತ್ತಿಗೆ ಸರಿಯಾಗಿ ತಿಳಿಸಲಿಲ್ಲವೆಂದು ಕುಂದಾಪುರದ ಡಾಕ್ಟರ ಮೇಲೆ ದೂರು ಕೊಡಲು ಹೊರಟಿದ್ದಾಳಂತೆ. ಅವಳನ್ನು ತಡೆಯುವವಳು ನೀನೊಬ್ಬಳೇ. ದೂರು ಕೊಟ್ಟರೆ ಹೋದ ಕಣ್ಣು ಬರುವುದಿಲ್ಲ, ತಂಗಿಯ ಮದುವೆ ಮುರಿಯುತ್ತದೆ. ಅಷ್ಟು ಕೆಟ್ಟವಳಲ್ಲ ನೀನು.

ಮದುವೆಗೆ ಬರಬೇಡ ಎನ್ನುವವಳಲ್ಲ ನಾನು. ಧಾರೆ ಮುಗಿದ ಮೇಲೆ ಊಟದ ಹೊತ್ತಿಗೆ ಬಾ. ಕಪ್ಪು ಕನ್ನಡಕ ತೆಗೆಯಬೇಡ, ಸ್ಟೇಜ್ ಹತ್ತಬೇಡ. ಅಕ್ಕ ಬೇಕು ಎಂದು ಶ್ರಾವ್ಯ ದಿನವೂ ಅಳುತ್ತಾಳೆ. ಆವತ್ತೂ ಅತ್ತರೆ ಮೇಕಪ್ ಹಾಳಾಗುತ್ತದೆ. ನಿನಗೆಂದು ತೆಗೆದಿಟ್ಟ ಹಸಿರು ಸೀರೆಯನ್ನು ಅವಳಿಗೇ ಕೊಟ್ಟಿದ್ದೇನೆ. ರವಿಕೆ ಸ್ವಲ್ಪ ಹಿಡಿಸಬೇಕಾಯಿತು.

ಮದ್ದು ತಪ್ಪಿಸಬೇಡ. ಚೆನ್ನಾಗಿ ಉಣ್ಣು.

ನಿನ್ನನ್ನು ಹೆತ್ತವಳು,
ಪುಷ್ಪ

ತಾ.ಕ.: ಚಿಕ್ಕಿ ನಿನ್ನ ಮಾತು ಕೇಳದಿದ್ದರೆ ಇದಿಷ್ಟು ನಿನಗೆ ಗೊತ್ತಿರಲಿ, ನಿನಗೆ ಮಾತ್ರ. ಡಾಕ್ಟರಲ್ಲಿ ಫೋನ್ ಮಾಡಿದ್ದನ್ನೆಲ್ಲ ಬರೆದಿಡುತ್ತಾರೆ. ಶುಕ್ರವಾರ ಮಧ್ಯಾಹ್ನ ಅಲ್ಲಿಂದ ನರ್ಸ್ ಫೋನ್ ಮಾಡಿದ್ದಳು. ಬೂಷ್ಟು ಎಂದೇ ಹೇಳಿದಳು, ಈಗಲೇ ಕರೆದುಕೊಂಡು ಬನ್ನಿ, ಕಣ್ಣು ಹೋಗುತ್ತದೆ ಎಂದಳು. ನೀನು ಅಂಗಳದಲ್ಲಿ ತಲೆ ಒಣಗಿಸುತ್ತಿದ್ದೆ. ನಾನು ಸೋಮವಾರ ಬತ್ತೆ ಎಂದೆ.