ನನ್ನ ಎತ್ತರದ ಅಡುಗೆಕಟ್ಟೆ

ಏನೂಂದ್ರೆ, ನೀವು ತೀರಿಕೊಂಡ ಮೇಲೆ ಶೆಡ್ಡಿನಲ್ಲೇ ಇದ್ದ ನೀವೇ ಮಾಡಿದ, ಇಬ್ಬರು ಮಲಗುವಷ್ಟೇ ಜಾಗದ ಹನಿಯಾಕಾರದ ಗಾಡಿಮನೆಯನ್ನು ನನ್ನ ತಮ್ಮ ಇವತ್ತು ಕಾರಿನ ಹಿಂದೆ ಕಟ್ಟಿ, ನನ್ನನ್ನೂ ಕೆರೆದಡಕ್ಕೆ ಕರೆತಂದ. ದೇವರಿಗೆ ಕೈಮುಗಿದು, ಗಾಡಿಯ ಹಿಂಬದಿಯ ಮುಚ್ಚಳ ಎತ್ತಿ, ಅದರಡಿಯ ಅಡುಗೆಕಟ್ಟೆಯಲ್ಲಿ ಚಹಾ ಕಾಯಿಸಿದೆ. ಒಲೆ, ಕಟ್ಟೆ, ಡಬ್ಬಿಗಳ ಗೂಡು ಎಲ್ಲ ನನ್ನ ಕೈಯಳತೆಗೇ ಇದ್ದವು. ತಮ್ಮನ ತಲೆ ಎರಡು ಸಲ ಮುಚ್ಚಳಕ್ಕೆ ಬಡಿಯಿತು.

"ಭಾವ ನನಗಿಂತ ಉದ್ದ ಇದ್ರಲ್ಲಕ್ಕಾ! ಇಷ್ಟು ಗಿಡ್ಡಕ್ಕೆ ಯಾಕೆ ಮಾಡಿದ್ರು?"

ಇದನ್ನು ಮಾಡುವಾಗ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿ ಮೊಣಕೈ ಮಟ್ಟಕ್ಕೆ ಪೆನ್ಸಿಲ್ ಗೀಟು ಹಾಕಿಕೊಂಡಿದ್ದಿರಿ. "ಮನೆಮಠ ಇಲ್ಲದೋರ ಹಾಗೆ ಡಬ್ಬದಲ್ಲಿ ಮಲಗೋಕೆ ನಾ ಬರಲ್ಲ" ಅಂದುಬಿಟ್ಟೆ. ನೀವೊಬ್ಬರೇ ಹೋಗಿ, ಬಗ್ಗಿ ಬಗ್ಗಿ ಅಡುಗೆ ಮಾಡಿಕೊಂಡು, ಸೊಂಟ ಹಿಡಿದುಕೊಂಡು ಬರುತ್ತಿದ್ದಿರಿ. ಹಾಸಿಗೆ ಗಟ್ಟಿಯೇನೋ ಎಂದುಕೊಳ್ಳುತ್ತಿದ್ದೆ.

ಈಗಷ್ಟೇ ಮಲಗಿ ನೋಡಿದೆ. ಹಾಸಿಗೆ ಮೆತ್ತಗೇ ಇದೆ, ರೀ.