ಐದಂಕಿಯ ಬೇಲಿ

ಮಾರ್ಚ್ 3, ಬುಧವಾರ

ಕಾಫಿ ಆಯಿತು. ಕೋಳಿಗಳ ನೀರು ಮತ್ತೆ ಹೆಪ್ಪುಗಟ್ಟಿತ್ತು, ಬಿಸಿನೀರು ಹಾಕಿ ಬಂದೆ. ಮುದಿ ಕೋಳಿಗಳು. ಮೊಟ್ಟೆ ಎರಡೇ.

ನನ್ನ ಗಂಡ ಡೆಲ್ಬರ್ಟ್ ಮೇಜಿನ ತುಂಬ ಕಾಗದ ಹರಡಿಕೊಂಡು ಬಾಯಿಪಾಠ ಮಾಡುತ್ತಿದ್ದಾನೆ. ಸೋಮವಾರ ಕೋರ್ಟು. ಸರ್ಕಾರವನ್ನೇ ಒಪ್ಪುವುದಿಲ್ಲ ಅಂತ ಟ್ರಕ್ಕಿನ ನಂಬರ್ ಪ್ಲೇಟ್ ಕಿತ್ತು ಓಡಿಸಿದ ಕೇಸು. ಮೊದಲ ಸಮನ್ಸ್ ಒಡೆಯದೆಯೇ ವಾಪಸು ಕಳಿಸಿದ. ಈ ಸಲ ಜೈಲೂ ಆಗಬಹುದು ಅಂತ ಶೆರಿಫ್ ಕಚೇರಿಯ ಪೊಲೀಸರು ಹೇಳಿದ್ದಾರೆ. ಅವನಿಗೆ ಹೆದರಿಕೆ ಇಲ್ಲ. ಇಬ್ಬರ ಪಾಲಿನದೂ ನನಗೇ ಬಂದಿದೆ.

ವಿಳಾಸದ ಕೊನೆಯ ಐದು ಅಂಕಿ, ಜಿಪ್ ಕೋಡು, ವಾಷಿಂಗ್ಟನ್ನಿನ ಸರ್ಕಾರದವರು ಹಾಕಿದ ಬೇಲಿ ಅನ್ನುತ್ತಾನೆ. ಆ ಅಂಕಿ ಇರುವ ಟಪಾಲಿಗೆ ಸಹಿ ಹಾಕಿದವನು ತಾನಾಗಿ ಬೇಲಿಯೊಳಗೆ ಹೋದಂತೆ. ಆಮೇಲೆ ಕೋರ್ಟಿಗೆ ಅವನ ಮೇಲೆ ಹಕ್ಕು. ಅದಕ್ಕೇ ಗೇಟಿನ ಪಕ್ಕದ ಟಪಾಲು ಡಬ್ಬಿ ಕಿತ್ತದ್ದು. ನಂಬಿದ್ದೇನೆಯೇ... ಗೊತ್ತಿಲ್ಲ. ನಂಬದಿರುವುದಕ್ಕೂ ಭಯ. ಒಂಬತ್ತನೇ ಕ್ಲಾಸಿಗೇ ಬಿಟ್ಟವಳು, ಏನು ವಾದಿಸಲಿ.

ಅವನಿಗೆ ಹೇಳಿಲ್ಲ — ಜನವರಿಯಲ್ಲಿ ಹ್ಯಾಚರಿಗೆ ಕೋಳಿಮರಿ ಆರ್ಡರ್ ಮಾಡಿದೆ. ಜೀವಂತ ಮರಿಗಳೇ ಪೆಟ್ಟಿಗೆಯಲ್ಲಿ ಟಪಾಲಿಗೆ ಬರುತ್ತವೆ. ಐದಂಕಿ ಇಲ್ಲದೆ ಕಳಿಸುವುದಿಲ್ಲ. ಬರೆದುಬಿಟ್ಟೆ.

ಮಾರ್ಚ್ 5, ಶುಕ್ರವಾರ

ಪೋಸ್ಟಾಫೀಸಿನ ಜೂನೆಟ್ ಫೋನು.

"ಮೇವಿಸ್, ನಿನ್ನ ಮಕ್ಳು ಬಂದವೆ ಕಣೇ. ಒಂದೇ ಸಮ ಅರಚ್ಕೋತಾ ಇದಾವೆ, ನನ್ನ ಕಿವಿ ಹೋಯ್ತು. ಯಾವಾಗ ಬರ್ತೀಯಾ?"

ಡೆಲ್ಬರ್ಟ್ ಹಿಂದೆಯೇ ನಿಂತಿದ್ದ. ಎಲ್ಲ ಕೇಳಿಸಿತು.

"ವಾಪಸ್ ಕಳ್ಸು ಅನ್ನು."

"ಸತ್ತೋಗ್ತವೆ, ಡೆಲ್. ಹೊಟ್ಟೇಲಿ ಮೊಟ್ಟೆ ಹಳದಿ ಇರೋತನಕ ಅಷ್ಟೇ ಅವುಕ್ಕೆ ಜೀವ."

"ಸೋಮವಾರ ನಾನು ನಮಗೆ ಟಪಾಲೂ ಇಲ್ಲ, ವಿಳಾಸಾನೂ ಇಲ್ಲ ಅಂತೀನಿ. ಜಡ್ಜು ನಿನ್ನ ಸಹಿ ಎತ್ತಿ ತೋರಿಸ್ತಾನೆ. ಕೋಳಿಗೋಸ್ಕರ ಗಂಡನ್ನ ಒಳಗೆ ಹಾಕಿಸ್ತೀಯಾ?"

ತೊಳೆದ ಬಟ್ಟಲನ್ನೇ ಮತ್ತೆ ತೊಳೆದೆ.

ಮಾರ್ಚ್ 6, ಶನಿವಾರ, ಮಧ್ಯಾಹ್ನ

ಹೋದೆ. ಅವನು ಕೊಟ್ಟಿಗೆಯಲ್ಲಿದ್ದಾಗ ಟ್ರಕ್ ತೆಗೆದೆ. ಪ್ಲೇಟ್ ಇಲ್ಲದ ಟ್ರಕ್. ಪೆಟ್ರೋಲ್ ಬಂಕಿನಲ್ಲಿ ಶೆರಿಫನ ಕಾರು — ಆ ಕಡೆ ನೋಡದೆ ದಾಟಿದೆ.

"ಸಹಿ ಇಲ್ದೆ ಕೊಡಕ್ಕಾಗಲ್ವಾ?" ಅಂದೆ.

ಜೂನೆಟ್ ಕನ್ನಡಕದ ಮೇಲಿಂದ ನೋಡಿದಳು. "ನಿಮ್ಮನೇಲಿ ಸರ್ಕಾರ ಇಲ್ದೇ ಇರಬಹುದು. ನನ್ನ ಕೌಂಟರ್‌ನಲ್ಲಿ ಇದೆ. ನಾಳೆ ಭಾನುವಾರ, ಬೀಗ. ಯೋಚನೆ ಮಾಡು."

ಪೆಟ್ಟಿಗೆಯ ತೂತಿಗೆ ಬೆರಳಿಟ್ಟೆ. ಒಂದು ಕೊಕ್ಕು ಬಂದು ಕುಟ್ಟಿತು. ಸಹಿ ಹಾಕಿದೆ.

"ಈ ಗೀಚು ನಿನ್ನ ಸಹಿ ಅಂತ ಯಾವ ಜಡ್ಜೂ ಒಪ್ಪಲ್ಲ ಬಿಡು," ಅಂದಳು. ನಗು ಬರಲಿಲ್ಲ.

ಅದೇ ದಿನ, ಸಂಜೆ. ಟ್ರಕ್ಕಿನಲ್ಲಿ

ಗೇಟಿಗೆ ಸರಪಳಿ, ಬೀಗ. ಒಳಗೆ ಅವನು.

"ಪೆಟ್ಟಿಗೆ ಒಳಗೆ ಬರಕೂಡ್ದು."

"ನಾನು?"

ಸರಪಳಿಯ ಮೇಲೆ ಕೈಯಿಟ್ಟ. "ನೀನು ಬಾ. ಅದನ್ನ ಬಿಟ್ಟು ಬಾ."

ಹೋಗಲಿಲ್ಲ. ಅವನು ಮನೆ ಕಡೆ ನಡೆದುಹೋದ. ಹೀಟರ್ ಹಾಕಿಕೊಂಡು ಕೂತಿದ್ದೇನೆ. ಪೆಟ್ರೋಲಿನ ಮುಳ್ಳು ತಳ ಮುಟ್ಟುತ್ತಿದೆ. ಎರಡು ಮರಿ ಆಗಲೇ ಮಗ್ಗುಲಾಗಿ ಬಿದ್ದಿವೆ. ಫ್ಲಾಸ್ಕಿನ ಮುಚ್ಚಳದಲ್ಲಿ ನೀರಿಟ್ಟು ಒಂದೊಂದರ ಕೊಕ್ಕು ಅದ್ದಿದೆ. ಅವನು ಜೈಲಿಗೆ ಹೋದರೆ ನನ್ನಿಂದಲೇ. ಇವು ಸತ್ತರೂ ನನ್ನಿಂದಲೇ...

ಹಿಮ ಶುರು. ಎಂಜಿನ್ ಕೆಮ್ಮಿ ನಿಂತಿತು. ಪೆಟ್ಟಿಗೆಯನ್ನು ಕೋಟಿನೊಳಗೆ ಇಟ್ಟುಕೊಂಡಿದ್ದೇನೆ.

ಕತ್ತಲಾಗುವ ಮುಂಚೆ

ಅವನು ಬಂದ. ಕೈಯಲ್ಲಿ ಮರಿಗಳಿಗೆ ಕಾವು ಕೊಡುವ ಕೆಂಪು ದೀಪ. ಹಿಂದೆ ಕೊಟ್ಟಿಗೆಯಿಂದ ಉದ್ದಕ್ಕೂ ವೈರು ಎಳೆದುಕೊಂಡು. ಗೇಟಿನ ಕೆಳಗಿಂದ ತೂರಿಸಲು ಬಗ್ಗಿದ. ಇಳಿದು ಹೋದೆ.

"ಇದು ಗೇಟು ದಾಟಬಹುದಾ?"

"ಕರೆಂಟಿಗೆ ವಿಳಾಸ ಇಲ್ಲ," ಅಂದ. ತಮಾಷೆಗಲ್ಲ.

ದೀಪ ಗೇಟಿನ ತನಕ ಬಂತು, ವೈರು ಅಲ್ಲಿಗೇ ಮುಗಿಯಿತು. ಹಿಮದ ಮೇಲೆ ಕೆಂಪಗೆ ಉರಿಯುತ್ತಿದೆ. ಬಯಲ ಗಾಳಿಗೆ ಅದರ ಬಿಸಿ ಎಲ್ಲಿಯದು.

"ಸಾಲಲ್ಲ, ಡೆಲ್."

"ಇನ್ನೊಂದು ವೈರು ನೋಡ್ತೀನಿ."

ಹೋದ. ಮತ್ತೆ ಟ್ರಕ್ಕಿಗೆ ಹತ್ತಿ ಇಷ್ಟು ಬರೆದೆ. ಮರಿಗಳ ಕೂಗು ತೆಳುವಾಗುತ್ತಿದೆ. ಇನ್ನೊಂದು ವೈರು ಇಲ್ಲ. ಅದು ಅವನಿಗೂ ಗೊತ್ತು. ಹೋದ ವರ್ಷ ನಾವಿಬ್ಬರೂ ಸೇರಿಯೇ ಅದನ್ನು ಎಸೆದದ್ದು, ಇಲಿ ಕಡಿದಿತ್ತು.

ಬರುತ್ತಿದ್ದಾನೆ. ಬರಿಗೈ. ಇಲ್ಲ, ಬರಿಗೈ ಅಲ್ಲ, ಬೀಗದ ಕೈ. ಸರಪಳಿ ಹಿಡಿದು ನಿಂತ. ನನ್ನ ಕಡೆ ನೋಡುತ್ತಿಲ್ಲ, ಕೋಟಿನ ಉಬ್ಬನ್ನೇ ನೋಡುತ್ತಿದ್ದಾನೆ. ಬೀಗ ಹೆಪ್ಪುಗಟ್ಟಿದೆಯೋ ಏನೋ. ಬಾಯಿ ಹತ್ತಿರ ತಂದು ಊದುತ್ತಿದ್ದಾನೆ, ಬಿಸಿ ಉಸಿರು ಬಿಟ್ಟು, ಮತ್ತೆ

ಇಳಿಯುತ್ತೇನೆ, ಪೆಟ್ಟಿಗೆ ಸಮೇತ —