ಬಾಣಂತಿ ಸಿಹಿ

ನವೆಂಬರ್ 4, ಸೋಮವಾರ

ಬೆಳಿಗ್ಗೆ ಗ್ಯಾಸ್ ಮುಗಿಯಿತು. ಹಾಲು ಅರ್ಧ ಕಾದಿತ್ತು. ಕೂಸುಗಳೆಲ್ಲ ಒಟ್ಟಿಗೆ ರಾಗ ತೆಗೆದವು. ಸಾಕಾಗಿದೆ.

ಕಮಿಟಿಯಿಂದ ಫೋನ್. ಗಂಡನಿಲ್ಲದ ಬಾಣಂತಿಯರ ಈ ಸಂಸ್ಥೆಗೆ ಇಪ್ಪತ್ತೈದು ವರ್ಷ ತುಂಬುತ್ತದಂತೆ. ಎರಡು ಪುಟ ಇತಿಹಾಸ ಬೇಕಂತೆ. "ನಿಮಗಲ್ಲದೆ ಇನ್ಯಾರಿಗೆ ಗೊತ್ತು, ಲಲ್ಲಾ ರಬಿಯಾ?" ಹೌದು. ಮಿಕ್ಕವರು ಸತ್ತರು, ಇಲ್ಲವೇ ಬಿಟ್ಟು ಹೋದರು. 'ಲಲ್ಲಾ' ಅನ್ನುವ ಮರ್ಯಾದೆಗೇನೂ ಕಮ್ಮಿಯಿಲ್ಲ.

ಕೌತರ್‌ಗೆ ನಿನ್ನೆ ಗಂಡು ಮಗು. ಹತ್ತೊಂಬತ್ತರ ಹುಡುಗಿ, ಬೆಟ್ಟದ ಕಡೆಯವಳು. ಮದುವೆಯಾಗುತ್ತೇನೆ ಎಂದವನು ಫೋನ್ ನಂಬರನ್ನೇ ಬದಲಿಸಿದ್ದಾನೆ. ಇಲ್ಲಿ ಕಾಸಾಬ್ಲಾಂಕಾದಲ್ಲಿ ಸಿಹಿತಿಂಡಿ ಮಾಡುವ ಕೆಲಸ ಅಂತ ಮನೆಯವರು ನಂಬಿದ್ದಾರೆ. ಪೂರಾ ಸುಳ್ಳಲ್ಲ. ಹೊಟ್ಟೆ ಅಡ್ಡ ಬರುವವರೆಗೂ ಮಾರಲು ತಿಂಡಿ ಮಾಡುವ ನಮ್ಮ ಅಡುಗೆಮನೆಯಲ್ಲಿ ಹಿಟ್ಟು ನಾದಿದ್ದಾಳೆ.

ಕೂಸಿನ ಮುಖ ನೋಡಲಿಲ್ಲ. "ಕೊಟ್ಬಿಡ್ತೀನಿ. ಎತ್ಕೊಂಡು ಮನೆಗೆ ಹೋದ್ರೆ ಅಮ್ಮ ಬಾವಿಗೆ ಬೀಳ್ತಾಳೆ," ಅಂದಳು. ಬರುವ ಸೋಮವಾರ, ಕೂಸನ್ನು ಬಿಟ್ಟುಕೊಡುವ ಒಪ್ಪಿಗೆಗೆ ಸಹಿ.

ನವೆಂಬರ್ 5

ಇತಿಹಾಸ ಬರೆಯಲು ಕೂತೆ. "ಸೂಲಗಿತ್ತಿ ಲಲ್ಲಾ ಝೊಹ್ರಾ ಗ್ಯಾರೇಜಿನ ಮೇಲಿನ ಎರಡು ಕೋಣೆಯಲ್ಲಿ ಈ ಆಶ್ರಯವನ್ನು..." ಹೊಡೆದು ಹಾಕಿದೆ.

ನಡೆದದ್ದನ್ನು ಬರೆಯಲೇ? ಅಲ್ಲಿ ಹುಟ್ಟಿದ ಮೊದಲ ಕೂಸಿಗೆ ಏಳನೇ ದಿನ ಹೆಸರಿಟ್ಟೆವು. ಝೊಹ್ರಾ ಖುಷಿ ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದು ನಾಲಿಗೆ ಹೊರಳಿಸಿ ಉಲುಲು ಕೂಗು ಹಾಕಿದಳು, ಎಲ್ಲರ ಮನೆಯಲ್ಲೂ ಹಾಕುವ ಹಾಗೆ. ಬೀದಿಯೇ ಮೆಟ್ಟಿಲ ಕೆಳಗೆ ಜಮಾಯಿಸಿತು. ಗಂಡನಿಲ್ಲದವಳ ಕೂಸಿಗೂ ಸಂಭ್ರಮವಾ ಅಂತ. ವಾರದೊಳಗೆ ಮನೆ ಖಾಲಿ ಮಾಡಿಸಿದರು. ಅಂದಿನಿಂದ ನಮ್ಮಲ್ಲಿ ಒಂದೇ ಕಾನೂನು: ಹೆಸರಿಡು, ಸಿಹಿ ತಿನ್ನು, ಬಾಯಿ ಮುಚ್ಚಿಕೊಂಡಿರು. ಕಮಿಟಿ ಇದನ್ನು ಅಚ್ಚು ಹಾಕಿಸುತ್ತದೆಯೇ? ಅವರಿಗೆ ಬೇಕಾದದ್ದು ಫೋಟೋ.

ಮಧ್ಯಾಹ್ನ ಟ್ಯಾಕ್ಸಿಯವನ ಕೈಲಿ ಕೌತರ್ ತಾಯಿಗೆ ತಿಂಡಿ ಡಬ್ಬಿ ಕಳಿಸಿದ್ದಾಯಿತು. ತಿಂಗಳಿಗೊಂದು ಹೋಗಲೇಬೇಕು. ಮಗಳು ಕೆಲಸದಲ್ಲಿದ್ದಾಳೆ ಅನ್ನುವುದಕ್ಕೆ ಅದೇ ಸಾಕ್ಷಿ.

ನವೆಂಬರ್ 7

ಅಡುಗೆಯ ಹದ್ದಾ ಸೆಲ್ಲೂ ಪಾತ್ರೆ ತಿಕ್ಕುತ್ತಿದ್ದಳು. ಬಾಣಂತಿಗೆಂದು ಮಾಡಿದ್ದು — ಹುರಿದ ಹಿಟ್ಟು, ಎಳ್ಳು, ಬಾದಾಮಿ, ಜೇನು. ಆಗಲೇ ಖಾಲಿಯಾಯಿತೇ ಅಂದೆ.

"ಡಬ್ಬಿಲಿ ಜಾಗ ಇತ್ತಲ್ಲ, ಒಂದಿಷ್ಟು ತುಂಬ್ದೆ."

"ಯಾವ ಡಬ್ಬಿಲಿ?"

ತಿಕ್ಕುವ ಕೈ ನಿಂತಿತು.

"ಹದ್ದಾ, ಇದೇನು ರಂಜಾನಾ? ರಂಜಾನ್ ಬಿಟ್ರೆ ಸೆಲ್ಲೂ ಎಂಥಾ ಮನೆಯಿಂದ ಬರುತ್ತೆ? ತಲೇಲಿ ಏನಿಟ್ಕೊಂಡಿದೀಯ?"

"ಬೈಯಿ, ಬೈಯಿ. ದಿನಾ ಬಾಣಂತಿಯರಿಗೇ ಬೇಯಿಸಿ ನಂಗೆ ಅದು ಬರೀ ತಿಂಡಿ ಆಗೋಗಿದೆ."

ಬೈಯಲೂ ಶಕ್ತಿ ಇರಲಿಲ್ಲ. ಟ್ಯಾಕ್ಸಿಯವನಿಗೆ ಫೋನ್ ಮಾಡಿದೆ. ಡಬ್ಬಿ ಮುಟ್ಟಿಸಿಯಾಗಿದೆ. "ಆಯಮ್ಮ ತೆಗೆದು ಮೂಸಿ ನೋಡಿ ನೆಲದ ಮೇಲೇ ಕೂತ್ಬಿಟ್ಳು. ಯಾಕೆ, ಹಳಸಿತ್ತಾ?" ಅಂದ.

ಕೌತರ್‌ಗೆ ಹೇಳಲೇಬೇಕಾಯಿತು. ಗೋಡೆ ಕಡೆ ತಿರುಗಿ ಮಲಗಿದಳು. "ಅಣ್ಣನ್ನ ಕಳಿಸ್ತಾಳೆ," ಅಂದಳು, ಅಷ್ಟೇ. ಬಾಗಿಲಿಗೆ ಇನ್ನೊಂದು ಚಿಲಕ ಹಾಕಿಸಿದೆ. ನನಗೂ ಭಯ.

ನವೆಂಬರ್ 8

ಯಾರೂ ಬರಲಿಲ್ಲ. ಫೋನೂ ಇಲ್ಲ. ಕೌತರ್‌ಗೆ ಹಾಲು ಕಟ್ಟಿ ಜ್ವರ. ಕೂಸು ಬಾಟಲಿ ಮುಟ್ಟುತ್ತಿಲ್ಲ. ಇತಿಹಾಸ ಇದ್ದಲ್ಲೇ ಇದೆ.

ನವೆಂಬರ್ 9, ಮಧ್ಯಾಹ್ನ

ಬಂದದ್ದು ಅಣ್ಣನಲ್ಲ, ತಾಯಿ. ಇಟ್ಟೋ ಅಂತ ಹೆಸರು. ಟ್ಯಾಕ್ಸಿಯವನನ್ನು ಕೇಳಿ ದಾರಿ ಹಿಡಿದಿದ್ದಾಳೆ. ಒಬ್ಬಳೇ. ಕಂಕುಳಲ್ಲಿ ಕಾಲು ಕಟ್ಟಿದ ಕೋಳಿ, ಬಟ್ಟೆ ಗಂಟಿನಲ್ಲಿ ಮೆಂತ್ಯ, ಬೇಳೆ.

"ಸೆಲ್ಲೂ ಮಾಡಿದೋರು ಯಾರು?"

ಹದ್ದಾ ನನ್ನ ಬೆನ್ನ ಹಿಂದೆ ಸರಿದಳು.

"ಎಳ್ಳು ಕಮ್ಮಿ ಆಗಿದೆ. ಅದನ್ನ ತಿಂದ್ರೆ ಹಾಲೆಲ್ಲಿಂದ ಬರ್ಬೇಕು?"

ಮೇಲೆ ಹೋದವಳೇ ಮಗಳ ಕೆನ್ನೆಗೆ ಒಂದು ಬಿಟ್ಟಳು. ಆಮೇಲೆ ಅದೇ ಕೆನ್ನೆ ಸವರುತ್ತಾ ಕೂತಳು. ಇಬ್ಬರೂ ಅತ್ತರು. ನಾನು ಕೂಸನ್ನೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದೆ, ಹೋಗಲೂ ಆಗದೆ ಇರಲೂ ಆಗದೆ.

"ದರ್ಗಾಕ್ಕೆ ಹರಕೆ ಇದೆ ಅಂತ ನಿಮ್ಮಪ್ಪಂಗೆ ಹೇಳಿ ಬಂದಿದೀನಿ," ಅಂದಳು ಇಟ್ಟೋ. "ನಾಳೆ ಹೊರಡ್ಬೇಕು. ನಿನ್ನ ಮನೆಗೆ ಕರ್ಕೊಂಡು ಹೋಗಕ್ಕಾಗಲ್ಲ ಮಗಳೇ. ಅಷ್ಟು ಧೈರ್ಯ ನಂಗಿಲ್ಲ. ಆದ್ರೆ ಇದನ್ನ ಯಾರಿಗೂ ಕೊಡ್ಬೇಡ. ಡಬ್ಬಿ ಕಳಿಸ್ತಿರು. ಸೆಲ್ಲೂ ಇದ್ರೆ ಕೂಸು ಚೆನ್ನಾಗಿದೆ ಅಂದ್ಕೋತೀನಿ."

ಕೌತರ್ ಎದ್ದು ಗೋಡೆಗೆ ಒರಗಿ ಕೂತಳು. ಆಮೇಲೆ ನನ್ನ ಕಡೆ ಕೈ ಚಾಚಿದಳು. ಕೂಸನ್ನು ಕೊಟ್ಟೆ. ಮೊದಲು ಮುಖ ನೋಡಿದಳು, ಆಮೇಲೆ ಒಂದೊಂದೇ ಬೆರಳು.

ಸೋಮವಾರದ ಸಹಿ ಬೇಡವೆಂದು ಹೇಳಿಬಿಟ್ಟೆ.

ಅದೇ ದಿನ, ಸಂಜೆ

ಕೆಳಗೆ ಕೋಳಿ ಬೇಯುತ್ತಿದೆ. ಮೆಂತ್ಯದ ವಾಸನೆ ಮನೆ ತುಂಬ. ಈ ಮನೆಗೆ ಹುಡುಗಿಯರ ತಾಯಂದಿರು ಬರುತ್ತಿದ್ದದ್ದು ಶಾಪ ಹಾಕಲು. ಕೋಳಿ ಹಿಡಿದು ಬಂದವಳು ಇವಳೊಬ್ಬಳೇ. ಇತಿಹಾಸ ಇಲ್ಲಿಂದಲೇ ಶುರು ಮಾಡಬಹುದೇನೋ. ಮಂಡಿ ನೋವು, ಸುಸ್ತು, ಆದರೂ ಹಸಿವಾಗುತ್ತಿದೆ. ಎಷ್ಟೋ ದಿನವಾಗಿತ್ತು ಹೀಗೆ ಹಸಿವಾಗಿ.

ಇಂದು ಏಳನೇ ದಿನ. ಕೂಸಿಗೆ ಇದ್ರಿಸ್ ಎಂದು ಹೆಸರು. ಅಜ್ಜಿಯೇ ಇಡುತ್ತಾಳಂತೆ. ಕೂಗು ಹಾಕುವ ಹಾಗಿಲ್ಲವೆಂದು ಅವಳಿಗೆ ಹೇಳಿಲ್ಲ. ಇಳಿದು ಹೋಗಿ ಹೇಳಬೇಕು...

ಕೂಗು ಶುರು ಮಾಡಿಯೇ ಬಿಟ್ಟಳು. ಬೆಟ್ಟದ ಗಂಟಲು. ಹದ್ದಾನೂ ಸೇರಿಕೊಂಡಳು, ನಾಚಿಕೆಗೆಟ್ಟವಳು. ಎದುರು ಮನೆಯ ಕಿಟಕಿ ತೆರೆಯಿತು. ನಮ್ಮ ಕಿಟಕಿ ಮುಚ್ಚಲು ಎದ್ದೆ. ಆ ಮನೆಯಾಕೆ ಬಗ್ಗಿ ನೋಡುತ್ತಿದ್ದಾಳೆ. ಇಷ್ಟು ವರ್ಷ ಒಂದು ಸಲಾಮಿಗೂ ತಿರುಗಿ ಸಲಾಂ ಅನ್ನದವಳು.

"ಗಂಡಾ, ಹೆಣ್ಣಾ?"

ಗಂಡು ಅಂದೆ. ನಿಂತೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ. ಆಕೆ ಒಳಗೆ ತಿರುಗಿ ಯಾರನ್ನೋ ಕರೆದಳು, ಮತ್ತೆ ಕಿಟಕಿಗೆ ಬಂದು ಬಾಯಿಗೆ ಕೈ ಅಡ್ಡ ಹಿಡಿದು ತಾನೂ ನಾಲಿಗೆ ಹೊರಳಿಸಿದಳು.